ಓದು, ಹಾಡು, ಬಟ್ಟಲು, ಲೆಕ್ಕ: ನಮ್ಮ ಮೂರು ಜಿಲ್ಲೆಗಳ ಪ್ರಾಟೆಸ್ಟಂಟ್ ಸಭೆಗಳು

(ತುಮಕೂರಿನಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳ ಉತ್ತರವನ್ನೂ ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳಲ್ಲಿ ಚರ್ಚು ಇಲ್ಲದ ತಾಲ್ಲೂಕು ಕೇಂದ್ರ ಹುಡುಕುವುದು ಕಷ್ಟ. ಆದರೂ ಅದರೊಳಗೆ ಭಾನುವಾರ ಬೆಳಗ್ಗೆ ಏನು ನಡೆಯುತ್ತದೆ ಎಂದು ಹೊರಗಿನವರನ್ನು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಳಗೆ ಕೂರುವವರನ್ನು ಕೇಳಿದರೂ ತಮ್ಮ ಸಭೆ, ಅಂದರೆ ತಮ್ಮ ಚರ್ಚಿನ ಕೂಟ, ಎಲ್ಲಿಂದ ಬಂತು, ಪಕ್ಕದ ಜಿಲ್ಲೆಯ ಸಭೆಗಿಂತ ಯಾಕೆ ಬೇರೆ ಎಂಬುದನ್ನು ಹೇಳಬಲ್ಲವರು ಕಡಿಮೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87 ಮಾತ್ರ. ಜನಗಣತಿ ಅವರಲ್ಲಿ ರೋಮಿನ ಪೋಪರನ್ನು ಒಪ್ಪುವ ಕೆಥೋಲಿಕರೆಷ್ಟು, ಅವರಿಂದ ಬೇರೆಯಾದ ಪ್ರಾಟೆಸ್ಟಂಟರೆಷ್ಟು ಎಂದು ಬಿಡಿಸಿ ಕೊಡುವುದೂ ಇಲ್ಲ. ಹಾಗಾಗಿ ಈ ಜನರನ್ನು ಅಂಕಿಅಂಶದಲ್ಲಿ ಹುಡುಕಿ ಪ್ರಯೋಜನವಿಲ್ಲ, ಅವರು ಮಾಡುವ ಕೆಲಸದಲ್ಲಿ ನೋಡಬೇಕು. ಈ ಉಪನ್ಯಾಸದ ಮಾತು ಅಷ್ಟೇ: ಪಂಡಿತರಲ್ಲದ, ದೀಕ್ಷೆ ಪಡೆಯದ ಸಾಮಾನ್ಯ ಸದಸ್ಯರ ಕೈಗೆ ಓದು, ಹಾಡು, ಕರ್ತನ ಭೋಜನದ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ವಿಧಿಯ) ಬಟ್ಟಲು, ಲೆಕ್ಕಪುಸ್ತಕ ಈ ನಾಲ್ಕನ್ನೂ ಕೊಟ್ಟದ್ದೇ ಪ್ರಾಟೆಸ್ಟಂಟ್ ಧರ್ಮದ ತಿರುಳು. ಅದು ಗಟ್ಟಿಯಾಗಿ ನಿಂತಿರುವುದೂ ಅಲ್ಲೇ, ಕೆಡುವುದೂ ಅಲ್ಲೇ.

ಮೊದಲು ನಮ್ಮ ನೆಲದ ನಕ್ಷೆ. ತುಮಕೂರು ಕಡೆಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು, ಅಂದರೆ 18ನೇ ಶತಮಾನದ ಪಾದ್ರಿ ಜಾನ್ ವೆಸ್ಲಿಯ ಹಿಂಬಾಲಕರು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಠಾಣೆ ಹಾಕಿದರು. ಚಿಕ್ಕಬಳ್ಳಾಪುರಕ್ಕೆ ಬಂದದ್ದು ಲಂಡನ್ ಮಿಷನ್. ಹಲವು ಸಭೆಗಳ ಮೇಲಿನ ಹಿರಿಯ ಪಾದ್ರಿಯಾದ ಬಿಷಪ್ಪರ ಹಂಗಿಲ್ಲದೆ ಪ್ರತಿ ಸ್ಥಳೀಯ ಸಭೆಯೂ ತನ್ನ ತೀರ್ಮಾನ ತಾನೇ ಮಾಡಬೇಕೆನ್ನುವ ಕಾಂಗ್ರಿಗೇಷನಲ್ ಪರಂಪರೆಯವರು ಇದನ್ನು ನಡೆಸುತ್ತಿದ್ದರು. ಅಲ್ಲಿನ ಮಿಷನ್ ಆಸ್ಪತ್ರೆ ಆ ಕಾಲದ್ದೇ. ಕೋಲಾರದ ಕತೆ ಬರಗಾಲದಿಂದ ಶುರುವಾಗುತ್ತದೆ. 1876ರಿಂದ 78ರವರೆಗಿನ ಭೀಕರ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಮಹಿಳೆ ಅಲ್ಲಿ ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಕೋಲಾರದವರು ಇಂದಿಗೂ ಇ.ಟಿ.ಸಿ.ಎಂ. ಎಂದು ಕರೆಯುವ ಆಸ್ಪತ್ರೆ ಎಲೆನ್ ಥೋಬರ್ನ್ ಕೊವೆನ್ ಅವರ ನೆನಪಿನದು. ಕೆ.ಜಿ.ಎಫ್. ಬೇರೆಯೇ ಲೋಕ. ಗಣಿಯ ಕೆಲಸಕ್ಕೆ ಬಂದ ತಮಿಳು ಕುಟುಂಬಗಳು ತಮ್ಮ ಊರಿನ ಸಭೆಗಳನ್ನೂ ಜೊತೆಗೇ ತಂದವು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದರೂ ಆ ಸಭೆಗಳು ಮುಚ್ಚಲಿಲ್ಲ.

ಇವರೆಲ್ಲರ ಮೂಲ ಒಂದೇ ಎನ್ನುವುದನ್ನು ಎರಡು ತಾರೀಖುಗಳಲ್ಲಿ ಹೇಳಬಹುದು. 1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರ್ ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಪ್ರಶ್ನಿಸಿ 95 ವಾದಗಳನ್ನು ಮುಂದಿಟ್ಟರು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಪ್ರಾರ್ಥನಾ ಕೂಟದಲ್ಲಿ, ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಗೆ (ಪತ್ರಕ್ಕೆ) ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಅದನ್ನು ಕೇಳುತ್ತಾ ಕೂತಿದ್ದ ಜಾನ್ ವೆಸ್ಲಿಯ ಮನಸ್ಸು ತಿರುಗಿತು. ಅಲ್ಲಿಂದ ನೂರು ವರ್ಷಕ್ಕೆ ವೆಸ್ಲಿಯ ಹಿಂಬಾಲಕರು ಗುಬ್ಬಿಯಲ್ಲಿದ್ದರು. ನಡುವೆ 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಮಿಷನರಿಗಳಿಗೆ ಬಾಗಿಲು ತೆರೆಯಿತು. ಅದಕ್ಕೂ ಮುಂಚೆ ಕಂಪನಿ ಅವರನ್ನು ಅಷ್ಟಾಗಿ ಸೇರಿಸುತ್ತಿರಲಿಲ್ಲ. ಮಿಷನ್ನೂ ಆಳ್ವಿಕೆಯೂ ಒಂದೇ ಎಂದು ಸುಮ್ಮನೆ ಹೇಳಿಬಿಡುವವರು ಈ ಜಗಳವನ್ನು ಗಮನಿಸಬೇಕು. ಆಳ್ವಿಕೆಯ ನೆರಳಲ್ಲಿ ಮಿಷನ್ ಬೆಳೆಯಿತು ಎನ್ನುವುದೂ ಅಷ್ಟೇ ನಿಜ.

ವೆಸ್ಲಿಯವರ ಒಂದು ಏರ್ಪಾಡನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು. 1742ರಲ್ಲಿ ಬ್ರಿಸ್ಟಲ್ ಊರಿನ ಸಭೆಗೆ ಕಟ್ಟಡದ ಸಾಲವಿತ್ತು. ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬ ಮುಖಂಡನನ್ನು ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತುವುದೆಂದು ನಿಶ್ಚಯವಾಯಿತು. ದುಡ್ಡಿಗಾಗಿ ಮನೆಮನೆಗೆ ಹೋದ ಮುಖಂಡರಿಗೆ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ತಿಳಿಯತೊಡಗಿತು. ಸಾಲ ತೀರಿಸುವ ಗುಂಪು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಗುಂಪಾಯಿತು. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘದ ವಾರದ ಕೂಟ ಕಂಡವರಿಗೆ ಇದರ ಬಲ ಎಷ್ಟೆಂದು ವಿವರಿಸಬೇಕಾಗಿಲ್ಲ. ಈಗ ಚರ್ಚುಗಳಲ್ಲಿ ನಡೆಯುವ ಬೀದಿವಾರು ಮನೆ ಪ್ರಾರ್ಥನೆ ಇದರದ್ದೇ ಉಳಿಕೆ. ಮೂವತ್ತು ನಲವತ್ತು ಜನ ಸೇರುವ ಕಡೆ ಅದು ಸತ್ವ ಕಳೆದುಕೊಳ್ಳುತ್ತದೆ, ಯಾಕೆಂದರೆ ಅಷ್ಟು ಜನರ ಮುಂದೆ ಯಾರೂ ಮನೆಯ ಕಷ್ಟ ಹೇಳಿಕೊಳ್ಳುವುದಿಲ್ಲ. ಹನ್ನೆರಡು ಎಂಬ ಸಂಖ್ಯೆಯಲ್ಲಿ ಅನುಭವವಿತ್ತು.

ಇಷ್ಟೊಂದು ಪಂಗಡ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಗ್ರಂಥವೇ ಕೊನೆಯ ಪ್ರಮಾಣ, ಅದನ್ನು ಯಾರು ಬೇಕಾದರೂ ಓದಬಹುದು ಎಂದಮೇಲೆ ಓದಿದವರಲ್ಲಿ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿ ಕೂತು ಮಾತಾಡಿದಾಗ ಹದಿನೈದರಲ್ಲಿ ಹದಿನಾಲ್ಕು ವಿಷಯಗಳಿಗೆ ಒಪ್ಪಿದರು. ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತನು ಹೇಗಿದ್ದಾನೆ ಎಂಬ ಒಂದಕ್ಕೆ ಬೇರೆಯಾದರು. ಹೀಗೆ ಒಡೆದವರು ಮತ್ತೆ ಕೂಡಿದ ಅಪರೂಪದ ಪ್ರಸಂಗ ನಡೆದದ್ದು ಯೂರೋಪಿನಲ್ಲಲ್ಲ, ದಕ್ಷಿಣ ಭಾರತದಲ್ಲಿ. 1919ರಲ್ಲಿ ತರಂಗಂಬಾಡಿಯಲ್ಲಿ ಮಾತುಕತೆ ಶುರುವಾಗಿ, ಇಪ್ಪತ್ತೆಂಟು ವರ್ಷ ಎಳೆದು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಆಂಗ್ಲಿಕನ್ನರು (ಇಂಗ್ಲೆಂಡಿನ ಅಧಿಕೃತ ಚರ್ಚಿನ ಪರಂಪರೆಯವರು), ಬ್ರಿಟಿಷ್ ಮೆಥಡಿಸ್ಟರು, ಕಾಂಗ್ರಿಗೇಷನಲ್ ಮತ್ತು ಹಿರಿಯರ ಮಂಡಳಿ ನಡೆಸುವ ಪ್ರೆಸ್ಬಿಟೇರಿಯನ್ ಮೂಲದವರು ಒಂದಾದರು. ಇಪ್ಪತ್ತೆಂಟು ವರ್ಷ ಬೇಕಾದದ್ದು ಮುಖ್ಯವಾಗಿ ಬಿಷಪ್ ಹುದ್ದೆಯ ವಿಷಯಕ್ಕೆ. ಆಗಲೇ ಪಾಲಕರಾಗಿದ್ದವರಿಗೆ (ಪಾದ್ರಿಗಳಿಗೆ) ಮತ್ತೆ ಅಭಿಷೇಕ, ಅಂದರೆ ಆ ಹುದ್ದೆಯ ದೀಕ್ಷೆ, ಬೇಡ, ಮುಂದಿನವರೆಲ್ಲರೂ ಬಿಷಪ್ಪರಿಂದಲೇ ಅಭಿಷೇಕ ಪಡೆಯಬೇಕು ಎಂಬ ರಾಜಿ ಕೊನೆಗೆ ಕೆಲಸ ಮಾಡಿತು.

ತುಮಕೂರು, ಚಿಕ್ಕಬಳ್ಳಾಪುರಗಳ ಹಳೆಯ ಸಭೆಗಳು ಹೀಗೆ ಸಿ.ಎಸ್.ಐ. ಆದವು. ಕೋಲಾರದ ಮೆಥಡಿಸ್ಟರು ಆಗಲಿಲ್ಲ. ಅಮೆರಿಕದ ಮೆಥಡಿಸ್ಟರ ಕೆಲಸ ಉತ್ತರ ಭಾರತದಲ್ಲೂ ಹರಡಿತ್ತು, ಅವರ ಆಡಳಿತ ಅಮೆರಿಕದ ಮಹಾಸಭೆಗೆ ಅಂಟಿಕೊಂಡಿತ್ತು. 1981ರಲ್ಲಿ ಅವರು ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವತಂತ್ರ ಸಭೆಯಾದರು. ಗುಬ್ಬಿಯವರೂ ಕೋಲಾರದವರೂ ಒಬ್ಬನೇ ವೆಸ್ಲಿಯ ಮಕ್ಕಳು, ಇಂದು ಬಿಷಪ್ಪರು ಬೇರೆ, ಆಸ್ತಿ ಬೇರೆ, ವರ್ಗಾವಣೆಯ ಪಟ್ಟಿ ಬೇರೆ. ಮಿಷನರಿಗಳು ಅಟ್ಲಾಂಟಿಕ್ಕಿನ ಯಾವ ದಂಡೆಯಿಂದ ಹೊರಟರು ಎನ್ನುವುದೊಂದೇ ಇದಕ್ಕೆ ಕಾರಣ. ಮದುವೆ ಸಂಬಂಧ ಮಾಡುವಾಗ ನಮ್ಮ ಹಿರಿಯರು ಈ ಗೆರೆಗೆ ಬೆಲೆ ಕೊಡುವುದಿಲ್ಲ. ಅದು ಸರಿಯಾದದ್ದೇ.

ಇನ್ನು ಓದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ 1830ರ ದಶಕದ ಆರಂಭದ ಹೊತ್ತಿಗೆ ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದಿತ್ತು. ಪ್ರಾಟೆಸ್ಟಂಟರ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 66 ಪುಸ್ತಕಗಳು, ಕೆಥೋಲಿಕರದರಲ್ಲಿ 73. ಆರಾಧನೆಯಲ್ಲಿ ಹಳೆಯ ಒಡಂಬಡಿಕೆ (ಬೈಬಲಿನ ಯೇಸುವಿಗಿಂತ ಮುಂಚಿನ ಭಾಗ) ಮತ್ತು ಪತ್ರಿಕೆಗಳ ಪಾಠವನ್ನು ಸಾಮಾನ್ಯವಾಗಿ ಸದಸ್ಯರೇ ಎದ್ದು ಹೋಗಿ ಓದುತ್ತಾರೆ. ಹತ್ತನೇ ಕ್ಲಾಸಿನ ಹುಡುಗಿಯೂ ಓದಬಹುದು, ನಿವೃತ್ತ ಶಿರಸ್ತೇದಾರರೂ ಓದಬಹುದು. ಇಲ್ಲಿ ಆಗುವ ಸಾಮಾನ್ಯ ತಪ್ಪು ಒಂದಿದೆ. ಪಾಠ ಎಷ್ಟೋ ಸಲ "ಆತನು" ಎಂದು ಶುರುವಾಗುತ್ತದೆ. ಓದುವವರ ಕಣ್ಣ ಮುಂದೆ ಹಿಂದಿನ ವಚನ (ಬೈಬಲಿನಲ್ಲಿ ಸಂಖ್ಯೆ ಹಾಕಿದ ವಾಕ್ಯ) ಇದೆ, ಕೇಳುವವರಿಗೆ ಇಲ್ಲ. ಆತನೆಂದರೆ ಯೇಸುವೋ, ಎಲೀಯನೋ, ಫರೋಹನೋ ತಿಳಿಯದೆ ಮೊದಲ ಅರ್ಧ ನಿಮಿಷ ವ್ಯರ್ಥವಾಗುತ್ತದೆ. ಮೊದಲ ಸರ್ವನಾಮದ ಜಾಗದಲ್ಲಿ ಹೆಸರು ಹೇಳಿ ಓದಿದರೆ ಸಾಕು. ಹಿಂದಿನ ರಾತ್ರಿ ಜೋರಾಗಿ ಮೂರು ಸಲ ಓದಿಕೊಂಡರೆ ನೆಬೂಕದ್ನೆಚ್ಚರನ ಹೆಸರಿನಲ್ಲಿ ನಾಲಿಗೆ ತೊಡರುವುದಿಲ್ಲ. ಮೈಕಿನಿಂದ ಒಂದು ಗೇಣು ದೂರ ನಿಲ್ಲಬೇಕು.

ಇದಕ್ಕಿಂತ ದೊಡ್ಡ ತಪ್ಪು ವಾಗ್ದಾನದ ಚೀಟಿಯದು. ಡಿಸೆಂಬರ್ 31ರ ರಾತ್ರಿಯ ಜಾಗರಣೆಯ ಆರಾಧನೆ ಮೆಥಡಿಸ್ಟರು ಬೆಳೆಸಿದ ಪದ್ಧತಿ. ದೇವರಿಗೆ ಮತ್ತೆ ಮಾತು ಕೊಡುವ, ಹೊಸ ವರ್ಷದ ಒಡಂಬಡಿಕೆಯ ಆರಾಧನೆಯನ್ನು ವೆಸ್ಲಿ 1755ರಲ್ಲಿ ಆರಂಭಿಸಿದರು. ಈಗ ಆ ರಾತ್ರಿ ಎಷ್ಟೋ ಸಭೆಗಳಲ್ಲಿ ಒಂದೊಂದು ವಚನ ಅಚ್ಚಾದ ಚೀಟಿಗಳನ್ನು ತಟ್ಟೆಯಲ್ಲಿಟ್ಟು ಹಂಚುತ್ತಾರೆ, ಸಿಕ್ಕಿದ್ದು ವರ್ಷವಿಡೀ ನಮ್ಮದು. ಬೈಬಲಿನ ಯೆರೆಮೀಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ ಎಲ್ಲರಿಗೂ ಇಷ್ಟ, ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವ ಮಾತು ಅಲ್ಲಿದೆ. ಆದರೆ ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಜನಕ್ಕೆ ಬರೆದ ಕಾಗದ. ಹಿಂದಿನ ವಚನವೇ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಅದಕ್ಕೂ ಮೇಲೆ, ಸೆರೆಹೋದ ಊರಲ್ಲೇ ಮನೆ ಕಟ್ಟಿ, ತೋಟ ಹಾಕಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬ ಅಪ್ಪಣೆ ಇದೆ. ಚೀಟಿಯಲ್ಲಿ ಇದಾವುದೂ ಬರುವುದಿಲ್ಲ. ವಚನಗಳಿಗೆ ಸಂಖ್ಯೆ ಹಾಕಿದ್ದು 16ನೇ ಶತಮಾನದ ಮುದ್ರಕರು, ಹುಡುಕಲು ಅನುಕೂಲವಾಗಲಿ ಎಂದು. ಸಂಖ್ಯೆ ಬಿದ್ದಮೇಲೆ ಒಂದೊಂದನ್ನೂ ಕಿತ್ತು ಬಳಸುವುದು ಸುಲಭವಾಯಿತು. ಇಡೀ ಅಧ್ಯಾಯ ಓದುವ ಶಿಸ್ತಿಗೆ ಹೆಸರಾದ ಜನ ಚೀಟಿಗೆ ಇಳಿದರೆ ಮೂಲ ಬಂಡವಾಳವನ್ನೇ ಕಳೆದುಕೊಂಡಂತೆ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಹಾಡಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇವೆ. ಸಭೆಗಳ ಹಾಡಿನ ಪುಸ್ತಕದಲ್ಲಿ ಎರಡು ಜಾತಿಯ ಹಾಡುಗಳಿವೆ. ಪಶ್ಚಿಮದ ರಾಗಕ್ಕೆ ಕನ್ನಡ ಮಾತು ಹೊಂದಿಸಿದವು ಒಂದು, ಪಲ್ಲವಿ, ಅನುಪಲ್ಲವಿ, ಚರಣ ಇಟ್ಟುಕೊಂಡು ನಮ್ಮ ರಾಗತಾಳದಲ್ಲೇ ಕಟ್ಟಿದವು ಇನ್ನೊಂದು. ಮೊದಲ ಜಾತಿಯ ಹಾಡುಗಳನ್ನು ಹಾಡುವಾಗ ಮಾತು ತಿಳಿಯುವುದಿಲ್ಲ ಎಂಬ ದೂರು ಹಳೆಯದು. ಕಾರಣ ಹಾಡುವವರ ಗಂಟಲಲ್ಲಿಲ್ಲ, ಹಾಡಿನ ಕಟ್ಟಣೆಯಲ್ಲಿದೆ.

ಇಂಗ್ಲಿಷ್ ಸ್ತುತಿಗೀತೆಗಳ ಬಹು ಸಾಮಾನ್ಯ ಅಳತೆ ನಾಲ್ಕು ಸಾಲು: ಎಂಟು, ಆರು, ಎಂಟು, ಆರು ಅಕ್ಷರ. ಆ ಭಾಷೆಯಲ್ಲಿ ಒಂದಕ್ಷರದ ಪದಗಳು ಹೇರಳ, ಎಂಟು ಅಕ್ಷರದಲ್ಲಿ ಏಳೆಂಟು ಪದ ಹಿಡಿಯುತ್ತವೆ. ಕನ್ನಡದಲ್ಲಿ ಮೂರು ಪದಕ್ಕೆ ಎಂಟು ಅಕ್ಷರ ಮುಗಿಯಿತು. ಹಾಗಾಗಿ ಮೂಲದ ಅರ್ಧ ಅರ್ಥ ಸಾಲಿನ ಹೊರಗೇ ಉಳಿಯುತ್ತದೆ. ಎರಡನೆಯ ತೊಂದರೆ ಇನ್ನೂ ಬಿಗಿಯಾದದ್ದು. ಈ ಅಳತೆಯ ರಾಗಗಳಲ್ಲಿ ಒತ್ತು ಬೀಳುವುದು ಎರಡು, ನಾಲ್ಕು, ಆರು, ಎಂಟನೆಯ ಅಕ್ಷರದ ಮೇಲೆ. ಉದಾಹರಣೆಗೆಂದು ನಾವೇ ಒಂದು ಸಾಲು ಮಾಡಿಕೊಳ್ಳೋಣ: "ಕರುಣಾಳು ದೇವ ನಮ್ಮ". ಎಣಿಸಿ, ಎಂಟೇ ಅಕ್ಷರ. ಇದರಲ್ಲಿ ಗುರುಗಳು ಎಲ್ಲಿವೆ? ಣಾ ಮೂರನೆಯದು, ದೇ ಐದನೆಯದು, ಒತ್ತಕ್ಷರದ ಹಿಂದಿರುವ ನ ಏಳನೆಯದು. ಒತ್ತು ಬೀಳುವ ಎರಡು, ನಾಲ್ಕು, ಆರು, ಎಂಟರಲ್ಲಿ ಇರುವುದೆಲ್ಲ ಲಘು. ಹಾಡಿದಾಗ "ಕರೂಣಳೂ ದೆವಾ ನಮ್ಮಾ" ಎಂದು ಕೇಳಿಸುತ್ತದೆ. ಅಕ್ಷರಸಂಖ್ಯೆ ಸರಿ, ಛಂದಸ್ಸು ತಲೆಕೆಳಗು.

ಅದೇ ಜಾಗದಲ್ಲಿ "ದಯಾನಿಧೇ ಸದಾ ನಮೋ" ಎಂದಿಡಿ. ಲಘು, ಗುರು, ಲಘು, ಗುರು, ರಾಗಕ್ಕೆ ಅಳೆದು ಹೊಲಿದಂತೆ ಕೂರುತ್ತದೆ. ಆದರೆ ಒಂದೂ ಕನ್ನಡದ ಪದವಿಲ್ಲ. ಅಚ್ಚಕನ್ನಡದ ಪದಗಳಲ್ಲಿ ಭಾರ ಹೆಚ್ಚಾಗಿ ಮೊದಲಲ್ಲಿರುತ್ತದೆ, ಕೊನೆ ಹ್ರಸ್ವವಾಗಿರುತ್ತದೆ: ತಂದೆ, ಬೆಟ್ಟ, ನೀರು, ಹಾಡು. ಹಳೆಯ ಕ್ರೈಸ್ತ ಗೀತೆಗಳು ಅಷ್ಟು ಸಂಸ್ಕೃತಮಯವಾಗಿರುವುದಕ್ಕೆ ಇದೂ ಒಂದು ಕಾರಣ. ಹಳ್ಳಿಯ ಸಭೆಗಳು ಪಲ್ಲವಿ-ಚರಣದ ಹಾಡುಗಳಿಗೇ ಒಲಿದದ್ದು ಆಶ್ಚರ್ಯವಲ್ಲ. ಅಲ್ಲಿ ದೀರ್ಘವನ್ನು ಎಳೆಯಬಹುದು, ಹ್ರಸ್ವವನ್ನು ತಟ್ಟನೆ ಬಿಡಬಹುದು, ತಾಳ ತನ್ನಷ್ಟಕ್ಕೆ ನಡೆಯುತ್ತದೆ.

ಪಶ್ಚಿಮದ ರಾಗಗಳನ್ನು ಬಿಡಬೇಕೆಂದು ಹೇಳುತ್ತಿಲ್ಲ. ನಾಲ್ಕು ಧ್ವನಿಯಲ್ಲಿ ಹಾಡುವ ಅಭ್ಯಾಸ ಈ ಬಯಲುಸೀಮೆಯಲ್ಲಿ ಚರ್ಚಿನ ಹೊರಗೆ ಎಲ್ಲೂ ಸಿಗುವುದಿಲ್ಲ, ಅದನ್ನು ಕಳೆದುಕೊಳ್ಳಬಾರದು. ಹಾಡಿಸುವವರು ಎರಡು ಕೆಲಸ ಮಾಡಲಿ. ಹೊಸ ಅನುವಾದವಿದ್ದರೆ ಸಾಲಿನ ಎರಡು, ನಾಲ್ಕು, ಆರರ ಜಾಗದಲ್ಲಿ ಗುರು ಇದೆಯೇ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಲಿ, ಇಲ್ಲದಿದ್ದರೆ ಅಚ್ಚಿಗೆ ಹೋಗುವ ಮೊದಲೇ ಪದ ಬದಲಾಯಿಸಲಿ. ಇನ್ನೊಂದು ಶ್ರುತಿ. ಪುಸ್ತಕದ ಸ್ವರಗಳು ತರಬೇತಾದ ಗಾಯಕವೃಂದಕ್ಕೆ ಬರೆದವು, ಬೆಳಗ್ಗೆ ಎಂಟು ಗಂಟೆಗೆ ಬಿಚ್ಚದ ಗಂಟಲಿಗೆ ಎತ್ತರವಾಗುತ್ತವೆ. ಗಂಡಸರು ಎರಡನೇ ಚರಣಕ್ಕೇ ಸುಮ್ಮನಾಗುವುದು ಇದರಿಂದ. ಕೀಬೋರ್ಡಿನಲ್ಲಿ ಎರಡು ಮನೆ ಕೆಳಗಿಳಿಸಿ ನುಡಿಸಿದರೆ ಇಡೀ ಸಭೆ ಹಾಡುತ್ತದೆ.

ಮೂರನೆಯದು ಬಟ್ಟಲು. ಕರ್ತನ ಭೋಜನದಲ್ಲಿ ರೊಟ್ಟಿಯ ಜೊತೆ ಬಟ್ಟಲನ್ನೂ ಎಲ್ಲ ಸದಸ್ಯರಿಗೆ ಕೊಡಬೇಕು ಎನ್ನುವುದು ಲೂಥರ್ ಕಾಲದ ಚರ್ಚು ಸುಧಾರಣೆಯ ಮೊದಲ ಬೇಡಿಕೆಗಳಲ್ಲಿ ಒಂದು. ಆಗ ಬಟ್ಟಲು ಪಾದ್ರಿಗೆ ಮಾತ್ರ ಮೀಸಲಾಗಿತ್ತು. ನಮ್ಮ ದೇಶಕ್ಕೆ ಬಂದಾಗ ಅದೇ ಬಟ್ಟಲು ಜಾತಿಯ ಪರೀಕ್ಷೆಯಾಯಿತು. ಯಾರು ಯಾರ ನಂತರ ಕುಡಿಯುತ್ತಾರೆ ಎಂಬುದಕ್ಕೆ ದಕ್ಷಿಣದ ಸಭೆಗಳು ಒಡೆದಿವೆ. ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಯೊಳಗೆ ಜಾತಿಭೇದ ಕೂಡದೆಂದು ಖಂಡಿತವಾಗಿ ಬರೆದಾಗ ತಮಿಳು ನಾಡಿನಲ್ಲಿ ನೂರಾರು ಜನ ಸಭೆ ಬಿಟ್ಟುಹೋದರು. ಆ ಪರೀಕ್ಷೆಯಲ್ಲಿ ಗೆದ್ದೆವೆಂದು ಹೇಳಿಕೊಳ್ಳುವ ಸ್ಥಿತಿ ಇಂದಿಗೂ ಇಲ್ಲ. ಒಂದೇ ಬಟ್ಟಲಲ್ಲಿ ಕುಡಿಯುವವರು ಮದುವೆ ಮಾತು ಬಂದಾಗ ಜಾತಿ ಕೇಳುತ್ತಾರೆ. ಸರಕಾರದ ಕಡೆಯಿಂದಲೂ ಒಂದು ಗಂಟಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗಷ್ಟೇ ಅನ್ವಯಿಸುತ್ತಿತ್ತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು, ಕ್ರೈಸ್ತರನ್ನು ಸೇರಿಸಲಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಹಳ್ಳಿಯಲ್ಲಿ ಅವಮಾನ ಮಾಡುವವರು ಯಾರ ಧರ್ಮವನ್ನೂ ಕೇಳಿ ಮಾಡುವುದಿಲ್ಲ. ಧರ್ಮ ಬದಲಾದೊಡನೆ ಜಾತಿಯ ಗಾಯ ಮಾಯುತ್ತದೆ ಎಂಬ ಊಹೆಯ ಮೇಲೆ ನಿಂತ ಈ ನಿಯಮ ನ್ಯಾಯವಲ್ಲ ಎಂದು ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳುತ್ತೇವೆ.

ಬಟ್ಟಲೊಳಗೆ ಏನಿರಬೇಕು ಎಂಬುದಕ್ಕೂ ಒಂದು ಚರಿತ್ರೆ ಇದೆ. ಮೆಥಡಿಸ್ಟರು ಮದ್ಯಪಾನದ ಕಡು ವಿರೋಧಿಗಳು. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿರಸವನ್ನು ಹುಳಿಯದಂತೆ ಕಾಯಿಸಿ ಮುಚ್ಚಿಡುವ ಕ್ರಮ ಕಂಡುಹಿಡಿದದ್ದು ಕರ್ತನ ಭೋಜನಕ್ಕಾಗಿಯೇ. ಆ ರಸ ಮಾಡಲು ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿಗಿಂತ ಒಳ್ಳೆಯದು ಬೇಕಿಲ್ಲ. ಬಣ್ಣ, ಹುಳಿ, ಪರಿಮಳ ಮೂರೂ ಇದೆ.

ಲೆಕ್ಕ ಹೀಗೆ. ತಲೆಗೆ 10 ಮಿಲಿಲೀಟರ್ ಎಂದರೆ 120 ಜನಕ್ಕೆ 1.2 ಲೀಟರ್. ಒಂದು ಕಿಲೋ ಹಣ್ಣಿಗೆ ಸುಮಾರು 600 ಮಿಲಿಲೀಟರ್ ರಸ ಬರುತ್ತದೆ, ಎರಡೂವರೆ ಕಿಲೋ ತಂದರೆ ಸಾಕು. ತೊಟ್ಟು ಬಿಡಿಸಿ, ತೊಳೆದು, ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಸುಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಟ್ಟುಕೊಂಡು ರುಚಿ ಕೆಡುತ್ತದೆ. ಮಿಕ್ಸಿಯೂ ಬೇಡ, ಬೀಜ ಒಡೆದು ಕಹಿಯಾಗುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ, 70 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಮಾಡಿದರೆ ಸಿಪ್ಪೆಯ ಬಣ್ಣ ಬಿಡುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ತಳದಲ್ಲಿ ಹರಳಿನಂಥ ಗಸಿ ನಿಲ್ಲುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಮತ್ತೆ 80ರಿಂದ 85 ಡಿಗ್ರಿಗೆ ಕಾಯಿಸಿ, ಕುದಿಯಲು ಬಿಡಬೇಡಿ, ಕುದಿಸಿದರೆ ಜಾಮಿನ ವಾಸನೆ ಬರುತ್ತದೆ. ಕುದಿನೀರಿನಲ್ಲಿ ತೊಳೆದ ಗಾಜಿನ ಬಾಟಲಿಗೆ ಬಿಸಿಯಾಗಿಯೇ ತುಂಬಿ, ಕಂಠದಲ್ಲಿ ಎರಡು ಬೆರಳು ಜಾಗ ಬಿಟ್ಟು, ಅದೇ ಬಿಸಿಯ ನೀರಲ್ಲಿ 20 ನಿಮಿಷ ನಿಲ್ಲಿಸಿ ಮುಚ್ಚಳ ಬಿಗಿಯಿರಿ. ಹೆಚ್ಚಾಗಿ ಕೆಡುವುದು ಶನಿವಾರ ಸಂಜೆ ಹಿಸುಕಿದ ರಸವನ್ನು ಕಾಯಿಸದೆ ಹೊರಗಿಟ್ಟಾಗ. ದ್ರಾಕ್ಷಿಯ ಸಿಪ್ಪೆಯ ಮೇಲೇ ಹುದುಗುವ ಜೀವಾಣು ಇರುತ್ತದೆ, ಬೆಳಗಾಗುವಷ್ಟರಲ್ಲಿ ಗುಳ್ಳೆ ಏಳುತ್ತದೆ. ಬಾಟಲಿ ತೆರೆದಮೇಲೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಅದಕ್ಕಿಂತ ಹೆಚ್ಚಿಲ್ಲ.

ಒಂದೇ ಬಟ್ಟಲೋ, ತಲೆಗೊಂದು ಪುಟ್ಟ ಲೋಟವೋ? ಪುಟ್ಟ ಲೋಟಗಳು 1890ರ ದಶಕದಲ್ಲಿ ಅಮೆರಿಕದಲ್ಲಿ ರೋಗಾಣುವಿನ ಭಯದಿಂದ ಬಂದವು, 2020ರ ಸೋಂಕಿನ ನಂತರ ನಮ್ಮಲ್ಲೂ ಹೆಚ್ಚಾಗಿವೆ. ಕಾಯಿಲೆಯ ಕಾಲಕ್ಕೆ ಅದು ಸರಿ. ಆದರೆ ಬಟ್ಟಲು ಈ ನೆಲದಲ್ಲಿ ಮಾಡಿದ ಕೆಲಸ ಏನೆಂದು ಬಲ್ಲವರು ಅದನ್ನು ಶಾಶ್ವತವಾಗಿ ಬೀರುವಿಗೆ ಸೇರಿಸಬಾರದು. ರೊಟ್ಟಿಯನ್ನು ರಸದಲ್ಲಿ ಅದ್ದಿ ಕೊಡುವ ನಡುದಾರಿಯಾದರೂ ಇದೆ. ಸಿ.ಎಸ್.ಐ. ಆರಾಧನೆಯಲ್ಲಿ ಅದೇ ಅರ್ಥದ ಇನ್ನೊಂದು ಅಂಗವೂ ಇದೆ, ಸಮಾಧಾನ ಹಂಚುವುದು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. 1950ರ ಆರಾಧನಾ ಕ್ರಮದಲ್ಲಿ ಇದನ್ನು ಸೇರಿಸಿದಾಗ ಜಗತ್ತಿನ ಬೇರೆ ಸಭೆಗಳು ತಿರುಗಿ ನೋಡಿದವು. ಈಗ ದೂರದಿಂದ ಕೈಮುಗಿದು ಮುಗಿಸುವವರೇ ಹೆಚ್ಚು. ಮುಟ್ಟುವುದಕ್ಕಾಗಿಯೇ ಇಟ್ಟ ಅಂಗ ಅದು, ಮುಟ್ಟಿಯೇ ಮಾಡಬೇಕು.

ಈಗ ಹೊಸ ಸಭೆಗಳ ಮಾತು. ಊರ ಹೊರಗಿನ ಬಡಾವಣೆಗಳಲ್ಲಿ, ಅಂಗಡಿಯ ಮಹಡಿಗಳಲ್ಲಿ, ಬಾಡಿಗೆ ಹಾಲುಗಳಲ್ಲಿ ಪೆಂತೆಕೊಸ್ತ್ (ಪವಿತ್ರಾತ್ಮದ ನೇರ ಅನುಭವಕ್ಕೆ ಒತ್ತು ಕೊಡುವ) ಮತ್ತು ಸ್ವತಂತ್ರ ಸಭೆಗಳು ಬೆಳೆದಿವೆ. ಅಲ್ಲಿ ಲಿಖಿತ ಆರಾಧನಾ ಕ್ರಮವಿಲ್ಲ. ಸ್ತುತಿ ಹಾಡುಗಳು ಅರ್ಧ ಗಂಟೆಗೂ ಮೀರಿ, ದೇವರಿಂದ ತಮಗಾದ ಅನುಭವದ ಸಾಕ್ಷಿ ಹೇಳುವುದು, ದೀರ್ಘ ಪ್ರಸಂಗ (ಉಪದೇಶ), ಸ್ವಸ್ಥತೆಗಾಗಿ ಪ್ರಾರ್ಥನೆ. ಶಿಶುಗಳಿಗೆ ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ) ಇಲ್ಲ, ದೊಡ್ಡವರಾದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿಯೇ ಕೊಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದೇ ಕೂಟದಲ್ಲಿ ಕನ್ನಡ, ತೆಲುಗು, ತಮಿಳು ಹಾಡು ಮೂರೂ ಬರುವುದುಂಟು. ಬೆಳಗ್ಗೆ ಸಿ.ಎಸ್.ಐ.ಗೆ ಹೋಗಿ ಆಮೇಲೆ ಇಲ್ಲಿಗೆ ಬರುವ ಕುಟುಂಬಗಳೂ ಇವೆ. ಹಳೆಯ ಸಭೆಗಳಲ್ಲಿ ಇವರನ್ನು ಹೊರಗಿನಿಂದ ಬಂದ ಗಾಳಿ ಎಂದು ದೂರುತ್ತಾರೆ. ಹಾಗೆ ದೂರುವವರಿಗೆ ಗುಬ್ಬಿಯ ಒಂದು ಸಂಗತಿ ಹೇಳಬೇಕು.

1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರಿಷ್ ಯುವಕ ವೆಸ್ಲಿಯನ್ ಮಿಷನರಿಯಾಗಿ ಗುಬ್ಬಿಗೆ ಬಂದರು. ಕನ್ನಡ ಕಲಿತರು, ಕಣ್ಣಿನ ತೊಂದರೆಯಿಂದ 1841ರಲ್ಲಿ ಹಿಂತಿರುಗಬೇಕಾಯಿತು. ಅವರೇ 1856ರಲ್ಲಿ, ಪಂಚಾಶತ್ತಮ ದಿನ ಯೇಸುವಿನ ಶಿಷ್ಯರ ಮೇಲೆ ಇಳಿದವೆಂದು ಬೈಬಲ್ ಹೇಳುವ ಪವಿತ್ರಾತ್ಮದ ಬೆಂಕಿಯ ನಾಲಿಗೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಆ ಅನುಭವ ಅಪೊಸ್ತಲರ (ಆ ಮೊದಲ ಶಿಷ್ಯರ) ಕಾಲಕ್ಕೇ ಮುಗಿದದ್ದಲ್ಲ, ಇಂದಿನ ಸಭೆಗೂ ಬೇಕಾದದ್ದು ಎನ್ನುವ ಆ ಪುಸ್ತಕ ಇಂಗ್ಲೆಂಡ್, ಅಮೆರಿಕಗಳಲ್ಲಿ ಪರಿಶುದ್ಧ ಬದುಕಿಗೆ ಒತ್ತು ಕೊಟ್ಟ ಹೋಲಿನೆಸ್ ಚಳವಳಿಯವರ ಕೈಕೈ ದಾಟಿತು. ಆ ಚಳವಳಿಯಿಂದಲೇ ಪೆಂತೆಕೊಸ್ತ್ ಸಭೆಗಳು ಹುಟ್ಟಿದವು. 1905ರಲ್ಲಿ ಪಂಡಿತಾ ರಮಾಬಾಯಿಯವರ, ಮಹಾರಾಷ್ಟ್ರದ ಕೆಡಗಾಂವ್ ಆಶ್ರಮದಲ್ಲಿ, 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಅದು ಹೊತ್ತಿಕೊಂಡಿತು. ಗುಬ್ಬಿಯಲ್ಲಿ ಎರಡು ವರ್ಷ ದುಡಿದವರ ಬರವಣಿಗೆ ಸಿದ್ಧಪಡಿಸಿದ ಹಾದಿಯಲ್ಲಿ ಹುಟ್ಟಿದ ಸಭೆಗಳು ತುಮಕೂರಿಗೆ ಬಂದಿವೆ ಎಂದ ಮೇಲೆ ಇವು ಎರಡು ಬೇರೆ ಮನೆತನಗಳಲ್ಲ. ಜಗಳ ಇರುವುದು ಮರುದೀಕ್ಷಾಸ್ನಾನದಲ್ಲಿ. ಸಿ.ಎಸ್.ಐ., ಮೆಥಡಿಸ್ಟರು ಒಮ್ಮೆ ಕೊಟ್ಟ ದೀಕ್ಷಾಸ್ನಾನವನ್ನು ಮತ್ತೆ ಕೊಡುವುದಿಲ್ಲ, ಇವರು ಶಿಶುವಿಗೆ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದರಲ್ಲಿ ರಾಜಿಯ ದಾರಿ ಸದ್ಯಕ್ಕೆ ಕಾಣುವುದಿಲ್ಲ.

ಲೆಕ್ಕದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಸುಗ್ಗಿ ಹಬ್ಬ ಬಂದಾಗ ರಾಗಿ, ತೆಂಗಿನಕಾಯಿ, ಟೊಮೆಟೊ, ಕೋಳಿ, ಮನೆಯಲ್ಲಿ ಮಾಡಿದ ಚಕ್ಕುಲಿ ಎಲ್ಲ ಚರ್ಚಿನ ಅಂಗಳಕ್ಕೆ ಬಂದು ಹರಾಜಾಗುತ್ತವೆ. ಒಂದು ಕುಂಬಳಕಾಯಿ ಸಾವಿರ ರೂಪಾಯಿಗೆ ಕೂಗಿಸಿಕೊಂಡು, ಮತ್ತೆ ಕಾಣಿಕೆಯಾಗಿ ವಾಪಸು ಬಂದು, ಇನ್ನೊಮ್ಮೆ ಹರಾಜಾಗುವುದುಂಟು. ಸಂತೋಷದ ಹೊತ್ತು ಅದು. ತೊಂದರೆ ಸೋಮವಾರ ಶುರು. ಕೂಗಿದ ಮೊತ್ತಕ್ಕೂ ಕೈಗೆ ಬಂದ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಕೂಗು ಮುಗಿದ ತಕ್ಷಣ ವಸ್ತು, ಮೊತ್ತ, ಹೆಸರು, ಕೊಟ್ಟದ್ದು, ಬಾಕಿ ಎಂದು ಐದು ಕಲಮಿನ ಪುಸ್ತಕದಲ್ಲಿ ಬರೆಯಬೇಕು. ಕಾಣಿಕೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ, ಅಲ್ಲೇ ಇಬ್ಬರೂ ರುಜು ಹಾಕಿ, ಮಾರನೆಯ ದಿನವೇ ಬ್ಯಾಂಕಿಗೆ ಕಟ್ಟಬೇಕು. ಸಭಾಪಾಲಕರು ದುಡ್ಡು ಎಣಿಸಬಾರದು, ಅದು ಅವರ ಮರ್ಯಾದೆ ಉಳಿಸುವ ಕ್ರಮ. ಸಮಿತಿ ಚುನಾವಣೆಗಳು ಕೋರ್ಟಿನ ಮೆಟ್ಟಿಲೇರುವುದರ ಹಿಂದೆ ಬಹುಪಾಲು ಇಂಥ ಬರೆಯದ ಲೆಕ್ಕವೇ ಇರುತ್ತದೆ.

ಸಭಿಕರು ಕೇಳಿದ ಮೊದಲ ಪ್ರಶ್ನೆ: ಸ್ವತಂತ್ರ ಸಭೆಯ ಪಾಸ್ಟರ್ ಮಾಡಿಸಿದ ಮದುವೆ ಕಾನೂನಿಗೆ ನಿಲ್ಲುತ್ತದೆಯೇ?

ಕೇಳಬೇಕಾದದ್ದೇ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಸೆಕ್ಷನ್ ಯಾರು ಮದುವೆ ಮಾಡಿಸಬಹುದೆಂದು ಹೇಳುತ್ತದೆ. ಬಿಷಪ್ಪರಿಂದ ಅಭಿಷೇಕ ಪಡೆದ ಪಾಲಕರು ತಮ್ಮ ಸಭೆಯ ನಿಯಮದಂತೆ ಮಾಡಿಸಬಹುದು. ಮೂರು ಭಾನುವಾರ ಮದುವೆಯ ಪ್ರಕಟಣೆ ಓದುವುದು ಆ ನಿಯಮದ ಭಾಗ. ಬಿಷಪ್ಪರಿಲ್ಲದ ಸಭೆಗಳ ಪಾಸ್ಟರಿಗೆ ಈ ಕಾಯ್ದೆಯಡಿ ಸರಕಾರದ ಪರವಾನಗಿ ಬೇಕೇ ಬೇಕು. ಅಧಿಕಾರವಿಲ್ಲದೆ ಮಾಡಿಸಿದವರಿಗೆ 68ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದವರೆಗೂ ಶಿಕ್ಷೆಯಾಗಬಹುದು. ಆದ್ದರಿಂದ ಛತ್ರ ಗೊತ್ತುಮಾಡುವ ಮೊದಲೇ ಪಾಸ್ಟರ ಪರವಾನಗಿಯ ಪ್ರತಿ ಕೇಳಿ ನೋಡಿ, ಕೇಳುವುದರಲ್ಲಿ ಅಗೌರವವಿಲ್ಲ. ಪರವಾನಗಿ ಇರುವವರಿಗೆ ಲಿಖಿತ ನೋಟಿಸ್ ಕೊಟ್ಟು, ಅವರಿಂದ ಪ್ರಮಾಣಪತ್ರ ಪಡೆದ ಮೇಲೆ ಎರಡು ತಿಂಗಳೊಳಗೆ ಮದುವೆ ಆಗಬೇಕು, ದಾಟಿದರೆ ಹೊಸ ನೋಟಿಸ್. ವೇಳೆ ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ. ಪಾಲಕರನ್ನು ಬಿಟ್ಟು ಇಬ್ಬರು ಸಾಕ್ಷಿಗಳು ಬೇಕು. ರಿಜಿಸ್ಟರಿನಲ್ಲಿ ಬರೆಯುವ ಹೆಸರು ಆಧಾರ್ ಮತ್ತು ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ದೀಕ್ಷಾಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಆಗಿ ಪಾಸ್‌ಪೋರ್ಟ್ ವೇಳೆಗೆ ಪೇಚಾಡುವ ಮನೆಗಳು ಬಹಳ.

ಎರಡನೆಯ ಪ್ರಶ್ನೆ: ನಮ್ಮ ಊರಿನ ಸಭೆಯ ಚರಿತ್ರೆ ಬರೆಯಲು ದಾಖಲೆ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಭಂಡಾರದಿಂದ ಶುರುಮಾಡಿ. ಗುಬ್ಬಿ-ತುಮಕೂರಿನ ವೆಸ್ಲಿಯನ್ ಕಾಗದಪತ್ರಗಳೂ ಚಿಕ್ಕಬಳ್ಳಾಪುರದ ಲಂಡನ್ ಮಿಷನ್ ಪತ್ರಗಳೂ ಲಂಡನ್ನಿನ ಸೋಯಾಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದ ಸಂಗ್ರಹಗಳಲ್ಲಿ ಬರುತ್ತವೆ. ಕೋಲಾರಕ್ಕೆ ಅಮೆರಿಕದ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಮೆಥಡಿಸ್ಟ್ ಭಂಡಾರ ನೋಡಬೇಕು. ಮಿಷನರಿ ವರದಿಗಳನ್ನು ಹಾಗೆಯೇ ನಂಬಬೇಡಿ. ದೇಣಿಗೆ ಕೊಡುವವರು ಓದಲೆಂದು ಬರೆದವು ಅವು. ಅದರಲ್ಲಿ ಮತಾಂತರವಾದ ಒಬ್ಬರಿಗೆ ಎರಡು ಪುಟ ಸಿಗುತ್ತದೆ, ಬೈಬಲ್ ಹೊತ್ತು ಮೂವತ್ತು ವರ್ಷ ಹಳ್ಳಿ ತಿರುಗಿದ ಸ್ಥಳೀಯ ಉಪದೇಶಿಗೆ ಅರ್ಧ ಸಾಲು, ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸರಿಗೆ ಎಷ್ಟೋ ಸಲ ಹೆಸರೂ ಇರುವುದಿಲ್ಲ. ಆ ಹೆಸರುಗಳು ಸಿಗುವುದು ನಿಮ್ಮದೇ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳಲ್ಲಿ. ಸಭಾಪಾಲಕರ ಮತ್ತು ಸಮಿತಿಯ ಅನುಮತಿ ಪಡೆದು, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಖಾಲಿ ಪುಟವನ್ನೂ ಬಿಡದೆ ಮೊದಲಿನಿಂದ ಕೊನೆವರೆಗೂ ಫೋನಿನಲ್ಲಿ ಚಿತ್ರ ತೆಗೆಯಿರಿ. ಪ್ರತಿ ಚಿತ್ರಕ್ಕೂ ರಿಜಿಸ್ಟರಿನ ಹೆಸರು, ಪುಟಸಂಖ್ಯೆ ಕೊಡಿ, ಎರಡು ಕಡೆ ಉಳಿಸಿ. ಬದುಕಿರುವವರ ವಿವರ ಎಲ್ಲೂ ಹಂಚಬೇಡಿ. ಮೂಲ ಪುಸ್ತಕವನ್ನು ಗೋಡೆಗೆ ತಾಗದ ಕಬ್ಬಿಣದ ಬೀರುವಿನಲ್ಲಿ, ನೆಲದಿಂದ ಮೇಲಿನ ಅಟ್ಟಣೆಯಲ್ಲಿಡಿ. ಗೆದ್ದಲು ಗೋಡೆಯ ಬುಡದಿಂದಲೇ ಬರುತ್ತದೆ. ಹರಿದ ಪುಟಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಒಮ್ಮೆ ಪ್ಲಾಸ್ಟಿಕ್ಕಿನೊಳಗೆ ಬಿಸಿಯಾಗಿ ಅಂಟಿದ ಕಾಗದವನ್ನು ಹಾಳಾಗದಂತೆ ಬಿಡಿಸಿ ತೆಗೆಯುವುದು ಬಹುಮಟ್ಟಿಗೆ ಆಗದ ಕೆಲಸ.